ವಾಲಗ – 5 ರೂಪಾಯಿ: ತಾತನ ಲೆಕ್ಕದ ಪುಸ್ತಕದ ಒಂದು ಸಾಲು

 

ಮೊದಲೇ ಒಂದು ಮಾತು. ಇದು ಹಾಡಿನ ಸಂಚಿಕೆ, ಆದರೆ ಇದರಲ್ಲಿ ಒಂದು ಹಾಡೂ ಕೇಳಿಸಲ್ಲ. ಪ್ರತಿ ಸಲ ಯಾರಾದ್ರೂ ಕೇಳ್ತಾರೆ, "ಅಣ್ಣಾ, ಹಾಡಿನ ಬಗ್ಗೆ ಇಷ್ಟು ಮಾತಾಡ್ತೀಯ, ಒಂದು ತುಣುಕು ಹಾಕಬಾರದಾ?" ಅಂತ. ಹಾಕೋ ಹಾಗಿಲ್ಲ ಕಣ್ರೀ. ನಾನು ಓದಿದ್ದು ಬಿ.ಕಾಂ., ಲಾಯರ್ ಅಲ್ಲ. ಆದರೂ 1957ರ ಕಾಪಿರೈಟ್ ಕಾಯ್ದೆಯ ಆ ಭಾಗವನ್ನ ಕೂತು ಓದಿದೀನಿ. ರೆಕಾರ್ಡಿಂಗ್ ಮೇಲಿನ ಹಕ್ಕು ಅದು ಹೊರಬಂದ ವರ್ಷ ಮುಗಿದ ಮೇಲೆ 60 ವರ್ಷ ಇರುತ್ತೆ. ಸಾಹಿತ್ಯ ಬರೆದವರ, ಸಂಗೀತ ಮಾಡಿದವರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ. ಅಂದ್ರೆ 1965ರ ಒಂದು ಹಳೇ ಪ್ಲೇಟು ಪ್ಲೇಟಾಗಿ ಎಲ್ಲರದ್ದೂ ಆಗಿರಬಹುದು, ಅದರೊಳಗಿನ ಹಾಡು ಆಗಿರಲ್ಲ. ವಿಚಿತ್ರ, ಆದರೆ ಲೆಕ್ಕ ಅಂದ್ರೆ ಲೆಕ್ಕ. ಹಾಗಾಗಿ ಇವತ್ತು ಬರೀ ಮಾತು.

ಪ್ಲೇಟು ಅಂದೆ. ನಮ್ಮ ಕಡೆ ಗ್ರಾಮಫೋನ್ ರೆಕಾರ್ಡಿಗೆ ಹಾಗೇ ಅನ್ನೋದು. ನಮ್ಮ ಮನೇಲಿ ಒಂದು ಟ್ರಂಕ್ ತುಂಬ ಪ್ಲೇಟಿದಾವೆ, ಒಡೆದಿದ್ದು ಬಿಟ್ಟು 113. ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿ ನಮ್ಮದು. ಸುತ್ತ ಮಾವಿನ ತೋಪು. ಮನೇಲಿ ತೆಲುಗು, ಶಾಲೇಲಿ ಕನ್ನಡ, ಜಗಳಕ್ಕೆ ಎರಡೂ. ನಮ್ಮ ತಾತ ಮೈಕ್ ಸೆಟ್ ಇಟ್ಟಿದ್ರು. ಈಗಿನ ಹುಡುಗರಿಗೆ ಹೇಳಬೇಕು: ಮೈಕ್ ಸೆಟ್ ಅಂದ್ರೆ ಒಂದು ಆಂಪ್ಲಿಫೈಯರ್, ಒಂದು ಮೈಕು, ಎರಡು ಹಾರ್ನು, ಪ್ಲೇಟ್ ಓಡಿಸೋ ಪೆಟ್ಟಿಗೆ, ಕರೆಂಟ್ ಇಲ್ಲದ ಊರಿಗೆ ಬ್ಯಾಟರಿ. ಇಷ್ಟನ್ನೂ ಎತ್ತಿನ ಗಾಡೀಲಿ ಹಾಕ್ಕೊಂಡು ಮದುವೆ, ನಾಮಕರಣ, ಊರ ಜಾತ್ರೆ, ಎಲೆಕ್ಷನ್ ಭಾಷಣ ಎಲ್ಲದಕ್ಕೂ ಹೋಗೋದು. ಹಾರ್ನನ್ನ ಊರಲ್ಲೇ ಎತ್ತರದ ಮರಕ್ಕೆ ಕಟ್ಟೋದು. ಹಾಡು ಶುರುವಾದ್ರೆ ಮೂರೂರಿಗೆ ಗೊತ್ತಾಗ್ತಿತ್ತು ಇಲ್ಲಿ ಮದುವೆ ಅಂತ. ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕಬಾರದು ಅನ್ನೋ ನಿಯಮ ಬಂದದ್ದು 2000ದಲ್ಲಿ. ಅದಕ್ಕೂ ಮುಂಚೆ ಬೆಳಗಿನ ಜಾವದವರೆಗೂ ನಡೀತಿತ್ತಂತೆ. ಅಕ್ಕಪಕ್ಕದೂರಿನವರು ನಿದ್ದೆ ಹೇಗೆ ಮಾಡ್ತಿದ್ರೋ.

ಪ್ಲೇಟುಗಳಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಹೆಣ್ಣಿನ ಕಡೆಯವರು ಆಂಧ್ರದ ಗಡಿಯಿಂದ ಬಂದ್ರೆ 'ಲವಕುಶ', ಗಂಡಿನ ಕಡೆಯವರು ಕೋಲಾರದ ಕಡೆಯವರಾದ್ರೆ 'ಬಂಗಾರದ ಮನುಷ್ಯ'. ಇಬ್ಬರಿಗೂ ಆಗೋ ಪ್ಲೇಟು ಅಂದ್ರೆ 1965ರ 'ಸತ್ಯ ಹರಿಶ್ಚಂದ್ರ'. ತೆಲುಗಿನ ಘಂಟಸಾಲ ಕನ್ನಡದಲ್ಲಿ ಹಾಡಿದ್ದಾರಲ್ಲ, ಜಾತಿ ಮೇಲು ಕೀಳನ್ನ ಗೇಲಿ ಮಾಡೋ ಹಾಡು, ಅದು. ಮೇಲು ಕೀಳು ಚೆನ್ನಾಗೇ ಇದ್ದ ಮದುವೆ ಮನೆಗಳಲ್ಲಿ ಆ ಹಾಡನ್ನ ಎಷ್ಟು ಸಲ ಹಾಕಿದಾರೋ! ಆ ಪ್ಲೇಟಿನ ಗೆರೆಗಳೇ ಸವೆದು ಬೆಳ್ಳಗಾಗಿವೆ.

ಇದನ್ನೆಲ್ಲ ಕೇಳಬೇಕು ಅಂತ ಎರಡು ವರ್ಷದ ಹಿಂದೆ ಬೆಂಗಳೂರಿನ ಸಂಡೇ ಬಜಾರಿಂದ ಒಂದು ಹೆಚ್‌ಎಂವಿ ಫಿಯೆಸ್ಟಾ ತಂದೆ. ಸೂಟ್‌ಕೇಸ್ ಥರ ಮುಚ್ಚೋ ಪ್ಲೇಯರ್. ಮಾರಿದವನು "ಹಾಗೇ ಓಡುತ್ತೆ ಸಾರ್" ಅಂದ. ಓಡ್ಲಿಲ್ಲ. ಬೆಲ್ಟು, ಮುಳ್ಳು, ಕಂಡೆನ್ಸರ್ ಎಲ್ಲ ಸೇರಿ ಕೊಂಡ ಬೆಲೆಗಿಂತ ಜಾಸ್ತಿ ಖರ್ಚಾಯ್ತು. ಕೊನೆಗೆ ಒಂದು ಸಂಜೆ ಹಾಡು ಬಂತು. ನಮ್ಮ ನಾಯನ ಹತ್ತಿರ ಕೂತಿದ್ರು. ನಾಯನ ಅಂದ್ರೆ ಅಪ್ಪ, ನಮ್ಮ ಮನೇಲಿ ಹಾಗೇ ಕರೆಯೋದು. ಎರಡು ಹಾಡು ಕೇಳಿ, "ಇದಲ್ಲ ಸೌಂಡು" ಅಂತ ಎದ್ದು ಹೋದ್ರು.

ನನಗೆ ಬೇಜಾರಾಯ್ತು. ಆಮೇಲೆ ಅರ್ಥ ಆಯ್ತು. ಹಾರ್ನಿನಲ್ಲಿ ಕೆಳಗಿನ ಸ್ವರ ಹೊರಗೇ ಬರಲ್ಲ. ತಬಲಾದ ಎಡಗೈ ಪೆಟ್ಟು, ಬೇಸ್, ಇವೆಲ್ಲ ಅಲ್ಲೇ ಉಳಿದುಬಿಡುತ್ತೆ. ಗಂಟಲು, ಕೊಳಲು, ಪಿಟೀಲು ಮಾತ್ರ ಚೂಪಾಗಿ ಮೈಲಿಗಟ್ಟಲೆ ಹೋಗುತ್ತೆ. ನಾಯನ ಚಿಕ್ಕಂದಿನಿಂದ ಕೇಳಿದ್ದು ಅದನ್ನೇ. ಫಿಯೆಸ್ಟಾದಲ್ಲಿ ಅವರಿಗೆ ಕೇಳಿಸಿದ್ದು ಬೇರೆ ಹಾಡು. "ಇವು ಮನೇಲಿ ಕೂತು ಕೇಳೋ ಪ್ಲೇಟಲ್ಲ, ಕೆರೆ ಆ ಕಡೆ ಕಟ್ಟೆ ಮೇಲೆ ನಿಂತು ಕೇಳ್ಬೇಕು" ಅಂದ್ರು. ಹಾರ್ನಿನಲ್ಲಿ ಒಂದು ಇನ್ನೂ ಹಿತ್ತಲಲ್ಲಿದೆ. ಅಜ್ಜಿ ಅದನ್ನ ಕೋಳಿಮರಿ ಮುಚ್ಚೋಕೆ ಇಟ್ಕೊಂಡಿದಾರೆ.

ಆ ಟ್ರಂಕಿನಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು ಚಿಕ್ಕ ಪ್ಲೇಟು, 45 ಆರ್‌ಪಿಎಂದು. 1977ರ 'ಸನಾದಿ ಅಪ್ಪಣ್ಣ'. ಜಿ.ಕೆ. ವೆಂಕಟೇಶ್ ಸಂಗೀತ. ಚಿತ್ರದಲ್ಲಿ ರಾಜಕುಮಾರ್ ಸನಾದಿ ನುಡಿಸೋರು, ಆದರೆ ನಿಜವಾಗಿ ಶಹನಾಯಿ ನುಡಿಸಿದ್ದು ಬಿಸ್ಮಿಲ್ಲಾ ಖಾನ್. ಈ ಪ್ಲೇಟಿನಲ್ಲಿ ಒಂದು ಕಡೆ ಗೀರು ಬಿದ್ದಿದೆ. ಶಹನಾಯಿ ಒಂದು ಇಳಿಕೆಗೆ ಬರೋ ಹೊತ್ತಿಗೆ ಮುಳ್ಳು ಸಿಕ್ಕಿಕೊಂಡು ಅದೇ ತುಣುಕನ್ನ ಮತ್ತೆ ಮತ್ತೆ ಹೇಳುತ್ತೆ. ನಾಯನ ಹೇಳಿದ್ರು, ತಾತ ಮೂರನೇ ಸಲಕ್ಕೆ ಬೆರಳಿಂದ ಆ ಕೈಯನ್ನ ಸ್ವಲ್ಪ ಮುಂದಕ್ಕೆ ತಳ್ತಿದ್ರಂತೆ. ಹೊಸ ಪ್ಲೇಟು ಕೊಳ್ಳೋದಕ್ಕಿಂತ ಬೆರಳು ಅಗ್ಗ ನೋಡಿ.

ಈಗ ಲೆಕ್ಕದ ಪುಸ್ತಕಕ್ಕೆ ಬರ್ತೀನಿ. ಪ್ಲೇಟುಗಳ ಕೆಳಗೆ ಉದ್ದನೆಯ ಒಂದು ಖಾತೆ ಪುಸ್ತಕ ಇತ್ತು, ಕೆಂಪು ಬಟ್ಟೆ ರಟ್ಟಿಂದು. ನನ್ನ ಥರ ಕಾಮರ್ಸ್ ಓದಿದವನಿಗೆ ಇಂಥದ್ದು ಸಿಕ್ಕಿದ್ರೆ ಹಬ್ಬ. 1974ರಿಂದ 1983ರವರೆಗೆ, ಪ್ರತಿ ಕಾರ್ಯಕ್ರಮಕ್ಕೆ ಒಂದು ಸಾಲು ಜಮಾ, ನಾಲ್ಕೈದು ಸಾಲು ಖರ್ಚು. ತಾತನ ಅಕ್ಷರ ಮುತ್ತಿನ ಹಾಗಿಲ್ಲ, ಆದರೆ ಮೊತ್ತ ಒಂದು ಕಡೆಯೂ ತಪ್ಪಿಲ್ಲ. ಮದುವೆ, ಎರಡು ಹಾರ್ನ್, ಎರಡು ದಿನ: 60 ರೂಪಾಯಿ. ಗಾಡಿ ಬಾಡಿಗೆ 8. ಬ್ಯಾಟರಿ ಚಾರ್ಜ್ 3. ಮರ ಹತ್ತಿದವನಿಗೆ 1. ಇದೆಲ್ಲ ಸರಿ. ಆದರೆ 1976ರಿಂದ ಆಚೆಗೆ ಎಷ್ಟೋ ಮದುವೆಗಳಲ್ಲಿ ಕೊನೇ ಸಾಲು ಒಂದೇ ಥರ: "ವಾಲಗ – 5".

ವಾಲಗ ಅಂದ್ರೆ ನಾದಸ್ವರ, ಡೋಲು, ಒತ್ತು, ತಾಳ, ಒಟ್ಟು ನಾಲ್ಕು ಜನರ ಮೇಳ. ಮದುವೆ ಅವರಿಲ್ಲದೆ ಆಗಲ್ಲ. ಆದರೆ ಅವರನ್ನ ಕರೆಸಿ ದುಡ್ಡು ಕೊಡೋದು ಮದುವೆ ಮನೆಯವರು. ಮೈಕ್ ಸೆಟ್ಟಿನವರು ಯಾಕೆ ಕೊಡಬೇಕು? ನಾಯನನ್ನ ಕೇಳಿದೆ. "ಕಮಿಷನ್ ಇರ್ಬೇಕು ಬಿಡು, ಅವರು ಗಿರಾಕಿ ಹಿಡಿದುಕೊಟ್ಟಿರ್ತಾರೆ" ಅಂದ್ರು. ನನಗೆ ಸಮಾಧಾನ ಆಗ್ಲಿಲ್ಲ. ಕಮಿಷನ್ ಆಗಿದ್ರೆ ಮದುವೆ ದೊಡ್ಡದಾದ ಹಾಗೆ ಅದೂ ಹೆಚ್ಚಾಗಬೇಕಿತ್ತು. 40 ರೂಪಾಯಿ ಮದುವೆಗೂ ಐದೇ, 110 ರೂಪಾಯಿ ಮದುವೆಗೂ ಐದೇ. ಆ ಐದು ರೂಪಾಯಿ ಹಿಂದೆ ಬಿದ್ದು ನಾಲ್ಕು ತಿಂಗಳು ಬೈಕಲ್ಲಿ ಸುತ್ತಿದೀನಿ.

ನಡುವೆ ಒಂದು ಮಾತು ಹೇಳಲೇಬೇಕು. ನಾನು ಪ್ಲೇಟಿನ ಮನೇಲಿ ಹುಟ್ಟಿದವನು. ಎದುರಿಗೆ ಕೂತು ಹಾಡು ಕೇಳೋದು ಅಂದ್ರೆ ಏನು ಅಂತ ಗೊತ್ತಾಗಿದ್ದು ಕೋಲಾರದಲ್ಲಿ ಡಿಗ್ರಿ ಓದೋವಾಗ. ಒಂದು ಹುಣ್ಣಿಮೆ ರಾತ್ರಿ ಗೆಳೆಯನೊಬ್ಬ ಬೈಕ್ ಹಿಂದೆ ಕೂರಿಸ್ಕೊಂಡು ತೇರಹಳ್ಳಿ ಬೆಟ್ಟಕ್ಕೆ ಕರ್ಕೊಂಡು ಹೋದ. ಅಂತರಗಂಗೆ ಬೆಟ್ಟಗಳ ಸಾಲು, ಮೇಲೆ ಶಿವಗಂಗೆ ಅನ್ನೋ ಹಳ್ಳಿ, ಅಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರು ಮತ್ತು ಗೆಳೆಯರು ಕಟ್ಟಿದ 'ಆದಿಮ'. ಹುಣ್ಣಿಮೆಗೆ ಹಾಡು, ನಾಟಕ ಇರುತ್ತೆ. ನಮ್ಮ ಜಿಲ್ಲೆಯ ಪಿಚ್ಚಳ್ಳಿ ಶ್ರೀನಿವಾಸ್ ಥರದ ಹಾಡುಗಾರರ ಹೋರಾಟದ ಹಾಡುಗಳನ್ನ ಅದಕ್ಕೂ ಮುಂಚೆ ಫೋನಲ್ಲಿ ಕೇಳಿದ್ದೆ. ಬಂಡೆ ಮೇಲೆ ಬೆಳದಿಂಗಳಲ್ಲಿ ಕೂತಾಗ ಕೇಳಿದ್ದು ತಮಟೆ. ಕಿವಿಯಿಂದ ಕೇಳಿದೆ ಅನ್ನೋಕಾಗಲ್ಲ, ಎದೆಗೂಡಿಂದ ಕೇಳಿದೆ. ಪಕ್ಕದಲ್ಲಿದ್ದ ಹುಡುಗ ಗೊತ್ತಾಗದ ಹಾಗೆ ಎದ್ದು ಕುಣೀತಿದ್ದ.

ಫೋನಲ್ಲಿ ರೆಕಾರ್ಡ್ ಮಾಡ್ಕೊಂಡೆ. ರೂಮಿಗೆ ಬಂದು ಹಾಕಿದ್ರೆ ಬರೀ ಪಟಪಟ ಸದ್ದು, ಚಪ್ಪರದ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಫೋನಿನ ಮೈಕಿಗೆ ಅಷ್ಟು ಪೆಟ್ಟು ತಡೆಯೋ ಶಕ್ತಿ ಇಲ್ಲ, ಮೇಲಿನ ಅರ್ಧವನ್ನ ಕತ್ತರಿಸಿಬಿಡುತ್ತೆ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತಲ್ಲ, ಅವರ ತಮಟೆಯ ವಿಡಿಯೋಗಳನ್ನ ಎಷ್ಟೋ ಜನ ಫೋನಲ್ಲಿ ನೋಡಿದೀವಿ. ನೋಡಿದೀವಿ ಅಷ್ಟೇ, ಕೇಳಿಲ್ಲ. ಅವರ ಊರು ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರುತ್ತೆ. 2007ರಲ್ಲಿ ಜಿಲ್ಲೆ ಹಂಚಿಕೆಯಾಗೋವರೆಗೆ ನಮ್ಮ ಕೋಲಾರದ್ದೇ. ಆ ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ ಬಿಡಿ.

ಸರಿ, ಐದು ರೂಪಾಯಿ. ಪುಸ್ತಕದಲ್ಲಿ ಎರಡು ಮೂರು ಕಡೆ ವಾಲಗದವರ ಊರಿನ ಹೆಸರಿತ್ತು, ಮುಳಬಾಗಿಲು ತಾಲ್ಲೂಕಿಂದು. ಒಂದು ಭಾನುವಾರ ಹೊರಟೆ. ಮುಳಬಾಗಿಲಲ್ಲಿ ದೋಸೆ ತಿನ್ನದೆ ಮುಂದಕ್ಕೆ ಹೋಗೋದು ಅಪರಾಧ, ತಿಂದೆ. ಸಂಗೀತಕ್ಕೆ ಹಳೇ ಊರು ಅದು. ಕನ್ನಡದಲ್ಲಿ ದೇವರ ಹಾಡು ಕಟ್ಟಿದ ಮೊದಲ ಹರಿದಾಸರಲ್ಲಿ ಒಬ್ಬರಾದ ಶ್ರೀಪಾದರಾಜರು ಇದ್ದದ್ದು ಊರಾಚೆಯ ನರಸಿಂಹತೀರ್ಥದಲ್ಲಿ, 15ನೇ ಶತಮಾನದಲ್ಲಿ. ಡಿವಿಜಿ ಹುಟ್ಟಿದ ಊರೂ ಅದೇ. ನಾನು ಹುಡುಕ್ತಿದ್ದವರ ಹೆಸರು ಯಾವ ಬೋರ್ಡಲ್ಲೂ ಇಲ್ಲ. ಅಲ್ಲಿ ಇಲ್ಲಿ ವಿಚಾರಿಸಿ, ಎರಡು ತಪ್ಪು ಮನೆ ಹೊಕ್ಕು, ಮೂರನೇದಕ್ಕೆ ಸಿಕ್ಕಿದ್ರು.

ವಯಸ್ಸು ಎಪ್ಪತ್ತು ದಾಟಿದೆ. ಜಗಲಿ ಮೇಲೆ ಹುಣಸೆಹಣ್ಣು ಕುಟ್ತಾ ಕೂತಿದ್ರು. ಹೆಸರು ಹೇಳಬೇಡ ಅಂದಿದಾರೆ, ಹೇಳಲ್ಲ. ಮಾತು ನಡೆದದ್ದು ತೆಲುಗಿನಲ್ಲಿ, ನಾನು ಕನ್ನಡದಲ್ಲಿ ಹೇಳ್ತಿದೀನಿ. ತಾತನ ಹೆಸರು ಹೇಳಿದ ತಕ್ಷಣ ನಕ್ಕರು. "ಪ್ಲೇಟಪ್ಪನ ಮೊಮ್ಮಗನಾ? ಬಾ, ಕೂತ್ಕೋ." ಒಳಗಿಂದ ಮಜ್ಜಿಗೆ ಬಂತು. ನಾನು ಪುಸ್ತಕ ತೆಗೆದು ಆ ಸಾಲು ತೋರಿಸಿದೆ.

"ತಾತಾ, ಈ ಐದು ರೂಪಾಯಿ ಏನಕ್ಕೆ? ಮೈಕಲ್ಲಿ ಊದಿಸ್ತಿದ್ರಾ?"

"ಅದು ಊದೋದಕ್ಕಲ್ಲಪ್ಪ. ಊದದೆ ಇರೋದಕ್ಕೆ."

ನನಗೆ ಮೊದಲು ಅರ್ಥ ಆಗ್ಲಿಲ್ಲ. ಅವರೇ ಬಿಡಿಸಿ ಹೇಳಿದ್ರು. ಮೈಕ್ ಸೆಟ್ ಬರೋದಕ್ಕೂ ಮುಂಚೆ ಮದುವೆ ಮನೆ ಪೂರ್ತಿ ಇವರ ಕೈಯಲ್ಲಿತ್ತು. ಬೆಳಿಗ್ಗೆ ಭೂಪಾಳ, ಬಿಸಿಲೇರಿದ ಮೇಲೆ ಬಿಲಹರಿ, ರಾತ್ರಿ ಮೆರವಣಿಗೇಲಿ ತೋಡಿ ಹಿಡಿದ್ರೆ ಬೀದಿ ಮುಗಿಯೋವರೆಗೂ ಬಿಡ್ತಿರಲಿಲ್ಲವಂತೆ. ಊಟದ ಹೊತ್ತಿಗೆ ಜನ ಕೇಳಿದ್ದು ನುಡಿಸೋದು. ಮೈಕ್ ಸೆಟ್ ಬಂದ ಮೇಲೆ ಎರಡು ಸದ್ದು ಒಂದೇ ಚಪ್ಪರದಲ್ಲಿ ಗುದ್ದಾಡೋಕೆ ಶುರುವಾಯ್ತು. ಹಾರ್ನಲ್ಲಿ ಒಂದು ಶ್ರುತಿ, ನಾದಸ್ವರದ್ದು ಇನ್ನೊಂದು. ಹೆಣ್ಣಿನ ಸೋದರಮಾವ ಬಂದು ನಮ್ಮ ತಾತನ ಮೇಲೆ ಕೂಗಾಡೋದು, "ದುಡ್ಡು ಕೊಟ್ಟು ಪ್ಲೇಟ್ ಹಾಕ್ಸಿದೀವಿ, ಒಂದಕ್ಷರ ಕೇಳಲ್ಲ" ಅಂತ. ತಾತ ಒಂದು ದಿನ ಇವರ ಹತ್ತಿರ ಬಂದು ಐದು ರೂಪಾಯಿ ನೋಟು ಇಟ್ಟರು. ಪ್ಲೇಟು ಓಡೋವಾಗ ಊದಬೇಡಿ, ತಾಳಿ ಕಟ್ಟೋ ಹೊತ್ತಿಗೆ ನಾನೇ ಪ್ಲೇಟು ನಿಲ್ಲಿಸ್ತೀನಿ, ಗಟ್ಟಿಮೇಳ ನಿಮ್ಮದೇ. ಅಲ್ಲಿಂದಾಚೆಗೆ ಅದೇ ಪದ್ಧತಿ.

"ತಗೊಂಡ್ರಾ?" ಅಂದೆ. ಕೇಳಬಾರದಿತ್ತೇನೋ.

"ನಮ್ಮಪ್ಪ ಮುಟ್ಟಲಿಲ್ಲ. ನಾದಸ್ವರ ಚೀಲಕ್ಕೆ ಹಾಕಿ, ಎದ್ದು ಹೋಗಿ ಹುಣಸೆ ಮರದ ಕೆಳಗೆ ಕೂತ್ಕೊಂಡ, ಮುಹೂರ್ತದವರೆಗೂ ಬರಲಿಲ್ಲ. ನಾನು ತಗೊಂಡೆ. ನನಗಾಗಲೇ ಒಂದು ಮಗು. ನಾಲ್ಕು ಜನಕ್ಕೆ ಐದು ರೂಪಾಯಿ, ಒಂದೂಕಾಲು ಒಂದೂಕಾಲು ಬಂತು." ಸ್ವಲ್ಪ ಹೊತ್ತು ಬಿಟ್ಟು, "ಆಮೇಲೆ ಮದುವೆ ಮನೆಯವರಿಗೂ ಗೊತ್ತಾಯ್ತು. ಹೆಂಗೂ ಸುಮ್ಮನೆ ಕೂತಿರ್ತೀರಲ್ಲ ಅಂತ ನಮ್ಮ ಕೂಲೀಲಿ ಹತ್ತು ಕಡಿಮೆ ಮಾಡಿದ್ರು."

ಇದನ್ನ ಅವರು ಕೋಪದಲ್ಲಿ ಹೇಳಲಿಲ್ಲ. ಹುಣಸೆಹಣ್ಣು ಕುಟ್ಟೋದೂ ನಿಲ್ಲಿಸಲಿಲ್ಲ. ನಾನೇ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕ್ಕೊಂಡೆ. ಬರೋವಾಗ ಅದನ್ನ ಏನೋ ನಿಧಿ ಥರ ಹಿಡ್ಕೊಂಡು ಬಂದಿದ್ದೆ. ಐದು ಕೊಟ್ಟು ಹತ್ತು ಕಳೆದಿದ್ದು ಯಾವ ಖಾತೆಗೆ ಬರೀಬೇಕು? ತಾತನ ಪುಸ್ತಕದಲ್ಲಿ ಆ ಹತ್ತು ಎಲ್ಲೂ ಇಲ್ಲ. ಇರೋದೂ ಇಲ್ಲ, ಅದು ಅವರ ಜೇಬಿಂದ ಹೋದದ್ದಲ್ಲ.

ತಾತ ಕೆಟ್ಟವರು ಅಂತ ಹೇಳ್ತಿಲ್ಲ. ನನಗೆ ಹನ್ನೊಂದು ವರ್ಷ ಇದ್ದಾಗ ಹೋದ್ರು, ಹೆಗಲ ಮೇಲೆ ಕೂರಿಸ್ಕೊಂಡು ಜಾತ್ರೆ ತೋರಿಸಿದವರು. ಅವರಿಗೂ ಬೈಗುಳ ತಪ್ಪಿಸ್ಕೊಳ್ಳಬೇಕಿತ್ತು, ಕಂತು ಕಟ್ಟಬೇಕಿತ್ತು. ಆದರೆ ಪ್ಲೇಟು ಅಂದ್ರೆ ಬರೀ ಚೆಂದದ ನೆನಪು ಅಂತ ಈ ಪಾಡ್‌ಕಾಸ್ಟಲ್ಲೇ ಎಷ್ಟು ಸಲ ಹೇಳಿದೀನಿ! ಒಂದು ಸದ್ದು ಬಂದಾಗ ಇನ್ನೊಂದು ಸದ್ದು ಎಲ್ಲಿಗೆ ಹೋಯ್ತು ಅಂತ ಒಂದು ಸಲವೂ ಕೇಳ್ಕೊಂಡಿರಲಿಲ್ಲ.

ಹೊರಡೋಕೆ ಎದ್ದೆ. ಅವರು, "ನಿಮ್ಮ ತಾತನ ಹತ್ರ ಸನಾದಿ ಪ್ಲೇಟಿತ್ತು, ಇದೆಯಾ ಇನ್ನೂ?" ಅಂದ್ರು.

ಇದೆ ಅಂದೆ. ಅವರ ಮುಖ ಬೇರೆ ಥರ ಆಯ್ತು. "ಸುಮ್ಮನೆ ಕೂತಿರೋದು ಅಂದ್ರೆ ಏನು ಮಾಡೋದು? ಕೇಳೋದು. ನೂರು ಸಲ ಕೇಳಿದೀನಿ. ಅದು ಶಹನಾಯಿ, ನಮ್ಮದು ನಾದಸ್ವರ. ನಮ್ಮದು ಉದ್ದ, ಉಸಿರು ಜಾಸ್ತಿ ಬೇಕು. ಆದ್ರೂ ಪ್ಲೇಟು ಓಡ್ತಿದ್ರೆ ಬೆರಳು ತೊಡೆ ಮೇಲೆ ಓಡ್ತಿತ್ತು. ಮನೆಗೆ ಬಂದು ಅಪ್ಪ ಇಲ್ಲದಾಗ ಊದಿ ಊದಿ ಕೂರಿಸ್ಕೊಂಡೆ."

ಯೋಚನೆ ಮಾಡಿ. ನಾದಸ್ವರದವರನ್ನ ಸುಮ್ಮನೆ ಕೂರಿಸಿ ನಮ್ಮ ತಾತ ಶಹನಾಯಿ ಕೇಳಿಸಿದ್ದಾರೆ. ಅದೂ ಊರಿನಲ್ಲಿ ಸನಾದಿ ಊದೋ ಒಬ್ಬ ಕಲಾವಿದನ ಕಥೆ ಇರೋ ಸಿನಿಮಾದ್ದು.

ಒಂದು ಸಲ ನುಡಿಸಿ ತಾತಾ ಅಂತ ಕೇಳ್ಕೊಂಡೆ. ಬಾಯಿ ತೆರೆದು ತೋರಿಸಿದ್ರು. ಮುಂದಿನ ಹಲ್ಲು ಒಂದೂ ಇಲ್ಲ. ಜೀವಾಳಿ, ಅಂದ್ರೆ ಬಾಯಲ್ಲಿ ಹಿಡಿಯೋ ಪುಟ್ಟ ಪೀಪಿ, ತುಟಿಯಲ್ಲಿ ನಿಲ್ಲಲ್ಲ. "ಕೇಳ್ಬೇಕಾದ್ರೆ ಮೊಮ್ಮಗ ಇದಾನೆ, ಅವನ ಹತ್ರ ಹೋಗು. ರೆಕಾರ್ಡು ಗಿಕಾರ್ಡು ಬೇಡ, ಮದುವೆಗೆ ಹೋಗು."

ಮನೆಗೆ ಬಂದು ನಾಯನಿಗೆ ಎಲ್ಲ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅವರು ತೆಗೆದದ್ದು 2005ರ ಮಾತು. ಆ ಏಪ್ರಿಲಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ಅವರ 'ಕನ್ನಡವೇ ಸತ್ಯ' ನಡೀತಲ್ಲ, ಜನಸಾಗರ ಸೇರಿತ್ತಲ್ಲ, ನಾಯನ ಹೋಗಿದ್ರು. ನಾನು ಆಗ ಮೂರನೇ ಕ್ಲಾಸೋ ಏನೋ. ವಾಪಸ್ ಬಂದಾಗ ಎಲ್ಲರೂ ಹಾಡು ಹೇಗಿತ್ತು ಅಂತ ಕೇಳಿದ್ರೆ ಇವರು ಬರೀ ಸ್ಪೀಕರ್ ಬಗ್ಗೆ ಹೇಳ್ತಿದ್ರು. ಮನೆ ಎತ್ತರ ಜೋಡಿಸಿದ್ದ ಪೆಟ್ಟಿಗೆಗಳು, ಕೊನೇ ಸಾಲಿಗೂ ಉಸಿರು ಕೇಳ್ತಿತ್ತು ಅಂತ. ಮುಂದಿನ ವರ್ಷ ನಮ್ಮ ಮೈಕ್ ಸೆಟ್ ನಿಂತುಹೋಯ್ತು. ಅಷ್ಟೊತ್ತಿಗೆ ಮದುವೆಗಳಿಗೆ ಡಿಜೆ ಬರ್ತಿತ್ತು, ನಮ್ಮ ಹಾರ್ನ್ ಯಾರಿಗೂ ಬೇಕಾಗಿರಲಿಲ್ಲ. "ನಮಗೂ ಯಾರೂ ಐದು ರೂಪಾಯಿ ಕೊಡಲಿಲ್ಲ ಬಿಡೋ" ಅಂದ್ರು. ಅದು ತಮಾಷೆಯೋ ನೋವೋ ನನಗೆ ಗೊತ್ತಾಗಲಿಲ್ಲ, ನಾಯನ ಹಾಗೇ.

ಮೊಮ್ಮಗ ಸಿಕ್ಕಿದ್ದು ಮಾಲೂರಲ್ಲಿ. ಇಪ್ಪತ್ತನಾಲ್ಕರ ಹುಡುಗ. ವಾರದ ದಿನ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ, ಲಗ್ನದ ದಿನಗಳಲ್ಲಿ ರಜೆ ಹೊಂದಿಸ್ಕೊಂಡು ವಾಲಗ. ಆ ಕಲ್ಯಾಣ ಮಂಟಪಕ್ಕೆ ನನಗೆ ಕರೆಯೋಲೆ ಇರಲಿಲ್ಲ. ಹೆಂಚು, ಇಟ್ಟಿಗೆ ಕಾರ್ಖಾನೆಗಳನ್ನ ದಾಟ್ಕೊಂಡು, ಇದು ಮಾಸ್ತಿಯವರ ತಾಲ್ಲೂಕು, ಸಂಗೀತಗಾರನೊಬ್ಬನ ಬದುಕನ್ನ 'ಸುಬ್ಬಣ್ಣ'ದಲ್ಲಿ ಬರೆದವರು ಅಂತೆಲ್ಲ ಮನಸ್ಸಲ್ಲೇ ಧೈರ್ಯ ತುಂಬ್ಕೊಂಡು ಒಳಗೆ ಹೋದೆ. ಗಂಡಿನ ಕಡೆಯವರು ಹೆಣ್ಣಿನ ಕಡೆ ಅಂದ್ಕೊಂಡ್ರು, ಹೆಣ್ಣಿನ ಕಡೆಯವರು ಗಂಡಿನ ಕಡೆ ಅಂದ್ಕೊಂಡ್ರು.

ಧಾರೆ ಮುಗಿದಿತ್ತು. ಜನ ಮೊದಲ ಪಂಕ್ತಿಗೆ ಓಡ್ತಿದ್ರು. ವೇದಿಕೆ ಪಕ್ಕ ಹುಡುಗ, ಅವನ ಜೊತೆ ಡೋಲು, ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ. ಆ ಕಡೆ ಮೂಲೇಲಿ ಡಿಜೆಯವರು ಕೇಬಲ್ ಎಳೀತಿದ್ರು. ನಾನು ಹತ್ತಿರ ಹೋಗಿ, "ನಿಮ್ಮ ತಾತ ಕಳಿಸಿದ್ರು, ಸನಾದಿ ಹಾಡು ಬರುತ್ತಾ?" ಅಂದೆ. ನಕ್ಕ. ಜೀವಾಳಿಯನ್ನ ಬಾಯಲ್ಲಿ ನೆನೆಸಿಕೊಂಡು ಹಿಡಿದ.

ಎದುರಿಗೆ ನಾಲ್ಕಡಿ ದೂರದಲ್ಲಿ ನಾದಸ್ವರ ಕೇಳಿದ್ದೀರಾ? ಅದು ಮನೆಯೊಳಗೆ ನುಡಿಸೋಕೆ ಮಾಡಿದ ವಾದ್ಯ ಅಲ್ಲ, ದೇವಸ್ಥಾನದ ಪ್ರಾಕಾರಕ್ಕೆ, ಬೀದಿಗೆ ಮಾಡಿದ್ದು. ಆ ಮಂಟಪದ ಗೋಡೆಗಳೆಲ್ಲ ಸಾಲದಾಯ್ತು. ಪ್ಲೇಟಲ್ಲಿ ನಾನು ಅಷ್ಟು ಸಲ ಕೇಳಿದ್ದ ಅದೇ ಧಾಟಿ, ಆದರೆ ದಪ್ಪಗೆ, ಒರಟಾಗಿ, ಉಸಿರಿನ ಬಿಸಿ ಸಮೇತ. ತಾತ ಬೇಡ ಅಂದಿದ್ರು ಅಂತ ರೆಕಾರ್ಡರ್ ತೆಗೀಲಿಲ್ಲ. ತೆಗೀಲಿಲ್ಲ ಅಂತ ಈಗ ಒಂದೊಂದು ಸಲ ಕೈ ಕಚ್ಕೊಳ್ತೀನಿ.

ಆ ಇಳಿಕೆ ಬಂತು. ಹುಡುಗ ಆ ತುಣುಕನ್ನ ನುಡಿಸಿದ. ಮತ್ತೆ ನುಡಿಸಿದ. ಮೂರನೇ ಸಲ ನುಡಿಸಿ, ಒಂದು ಚೂರು ತಡೆದು, ಮುಂದಕ್ಕೆ ಹೋದ.

ನನ್ನ ಬೆನ್ನಲ್ಲಿ ನೀರು ಹರಿದ ಹಾಗಾಯ್ತು. ಪಕ್ಕದಲ್ಲಿ ಯಾರೋ, "ಯಾಕ್ರೀ ನಿಂತಿದೀರಾ, ಊಟಕ್ಕೆ ಬನ್ನಿ" ಅಂತಿದಾರೆ. ಸಿನಿಮಾದ ಹಾಡಿನಲ್ಲಿ ಆ ತುಣುಕು ಒಂದೇ ಸಲ ಬರೋದು. ಮೂರು ಸಲ ಬರೋದು ನಮ್ಮ ಟ್ರಂಕಿನ ಆ ಒಂದು ಪ್ಲೇಟಲ್ಲಿ ಮಾತ್ರ, ಆ ಗೀರಿಂದ, ತಾತನ ಬೆರಳು ಬರೋವರೆಗೆ.

ಇನ್ನೂ ಮುಗಿದಿರಲಿಲ್ಲ, ಬಿಳಿ ಶರ್ಟಿನವರೊಬ್ಬರು ಬಂದು ಕೈ ಆಡಿಸಿದ್ರು. ಸಾಕು, ಡಿಜೆ ಶುರುವಾಗುತ್ತೆ. ಹುಡುಗ ಅಲ್ಲೇ ನಿಲ್ಲಿಸಿ, ಜೀವಾಳಿ ಒರೆಸಿ ಡಬ್ಬಿಗೆ ಹಾಕ್ಕೊಂಡ. ನನಗೆ ತಡೆಯೋಕಾಗಲಿಲ್ಲ, "ಹೀಗೆ ನಿಲ್ಲಿಸೋದಕ್ಕೆ ನಿನಗೆ ಏನಾದ್ರೂ ಕೊಡ್ತಾರಾ?" ಅಂತ ಕೇಳಿಬಿಟ್ಟೆ.

"ಏನಣ್ಣಾ ನೀನು, ನಿಲ್ಲಿಸೋದಕ್ಕೆಲ್ಲ ಯಾರಾದ್ರೂ ದುಡ್ಡು ಕೊಡ್ತಾರಾ?" ಅಂತ ನಕ್ಕ.

ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತ್ವಿ. ಆ ಮೂರು ಸಲದ ಬಗ್ಗೆ ಕೇಳಿದೆ. "ಅದೇ ಅಣ್ಣ ಆ ಹಾಡಲ್ಲಿ ಕಷ್ಟದ ಜಾಗ. ತಾತ ಹೊಡೆದು ಹೊಡೆದು ಕಲಿಸಿದಾರೆ, ಮೂರನೇದಕ್ಕೆ ಒಂದು ಚೂರು ತಡೀಬೇಕು ಅಂತ" ಅಂದ. ಅದು ಗೀರು ಅಂತ ನಾನು ಹೇಳಲಿಲ್ಲ. ಪಾಯಸ ಬಡಿಸ್ಕೊಂಡು ಬಂದ್ರು, ತಿಂದ್ವಿ.

ಈ ಸಂಚಿಕೆ ಅವರಿಗೆ ತಲುಪೋ ಹೊತ್ತಿಗೆ ನಾನು ಮತ್ತೆ ಮುಳಬಾಗಿಲಿಗೆ ಹೋಗಿರ್ತೀನಿ, ಫಿಯೆಸ್ಟಾನೂ ಪ್ಲೇಟೂ ಬೈಕಿಗೆ ಕಟ್ಕೊಂಡು. ಈ ಸಲ ನಾಯನ ಕೂಡ ಬರ್ತೀನಿ ಅಂದಿದಾರೆ. ಮೂರನೇ ಸಲಕ್ಕೆ ಕೈ ತಳ್ಳೋಕೆ ಒಬ್ಬರು ಬೇಕಲ್ಲ ಅಂತೆ. ನಿಮ್ಮ ಮನೆ ಅಟ್ಟದಲ್ಲೂ ಇಂಥ ಪ್ಲೇಟೋ, ಲೆಕ್ಕದ ಪುಸ್ತಕವೋ ಇದ್ರೆ ತೆಗೆದು ನೋಡಿ, ಏನು ಸಿಕ್ತು ಅಂತ ನನಗೂ ಬರೀರಿ. ಮುಂದಿನ ಸಂಚಿಕೇಲಿ ಸಿಗೋಣ, ನಮಸ್ಕಾರ.